ಆರತಿ ತಟ್ಟೆಯೂ ನನ್ನ ಹೊಸ ಹಲ್ಲೂ

ನನಗೀಗ ಹಾವಿಗಿಂತ ಹೆಚ್ಚು ಹೆದರಿಕೆ ಸೀನಿನದು. ಹಾವು ಕಂಡರೆ ಓಡಬಹುದು. ಸೀನು ಬಂದರೆ ನನ್ನ ಹಲ್ಲು ನನಗಿಂತ ಮೊದಲು ಓಡುತ್ತದೆ.

ಕೊಪ್ಪದ ಡೆಂಟಿಸ್ಟ್ ನನ್ನ ಬಾಯಲ್ಲಿ ಮೇಲೊಂದು ಕೆಳಗೊಂದು ಸೆಟ್ ಕೂರಿಸಿ, "ಸ್ವಲ್ಪ ದಿನದಲ್ಲಿ ಅಡ್ಜಸ್ಟ್ ಆಗುತ್ತೆ ಅಮ್ಮ" ಅಂದರು. ಯಾರು ಯಾರಿಗೆ ಅಡ್ಜಸ್ಟ್ ಆಗಬೇಕು ಎಂದು ಹೇಳಲಿಲ್ಲ. ಬೇರೆ ಯಾರದೋ ಬಾಯಲ್ಲಿ ನಾನು ಬಾಡಿಗೆಗೆ ಇದ್ದಂತೆ ಭಾಸವಾಗುತ್ತಿತ್ತು. ಹಲಸಿನ ಹಪ್ಪಳ ಕಂಡರೆ ಎದೆ ಡವಡವ. ನಗು ಬಂದರೆ ತುಟಿ ಬಿಗಿಹಿಡಿದು ಮೂಗಿನಲ್ಲೇ ನಗುವುದು. ಮಾತಂತೂ ಯೆಸ್, ನೋ, ಥ್ಯಾಂಕ್ಯೂಗೆ ಇಳಿಯಿತು. ಅದರಲ್ಲೂ ಥ್ಯಾಂಕ್ಯೂ ರಿಸ್ಕಿ.

"ಎಂತ ಮಾರಾಯ್ತಿ, ಹಲ್ಲು ಬಂತು, ಮಾತೇ ಹೋಯ್ತಲ್ಲ!" ಅಂದರು ನಮ್ಮವರು. "ಮೊದ್ಲೇ ಗೊತ್ತಿದ್ರೆ ಮದುವೆ ವರ್ಷವೇ ಹಾಕಿಸ್ತಿದ್ದೆ."

ಹೀಗಿರುವಾಗ ನರಸಿಂಹರಾಜಪುರದಿಂದ ವಿಶಾಲಕ್ಕನ ಫೋನು ಬಂತು. ವಿಶಾಲಕ್ಕ ನನ್ನ ಹಿರಿಯ ಓರಗಿತ್ತಿ. ಅವಳ ಮೊಮ್ಮಗಳು ಶ್ರುತಿಯ ಮದುವೆ ಶೃಂಗೇರಿಯಲ್ಲಿ. "ಆರತಿಗೆ ನಾನು, ನೀನು. ಹಾಡೋದೂ ನಾವೇ. ಎಂತ ನೆವನೂ ಬೇಡ" ಎಂದು ಫೋನಿಟ್ಟಳು. ನಮ್ಮ ಕುಟುಂಬದ ಮದುವೆಗಳಲ್ಲಿ ಇಷ್ಟು ವರ್ಷ ಆರತಿ ಎತ್ತಿದ ಜೋಡಿ ನಮ್ಮದೇ. ಹಲ್ಲಿನ ಸುದ್ದಿಯನ್ನು ನಾನು ಅವಳಿಗೆ ಹೇಳಿರಲಿಲ್ಲ. ಅವಳ ನಾಲಿಗೆಯ ಹರಿತ ಬಲ್ಲವರು ಹೇಳುವುದಿಲ್ಲ.

ಆರತಿ ಎತ್ತುವಾಗ ಎರಡು ಕೈಯೂ ತಟ್ಟೆಯಲ್ಲಿರುತ್ತವೆ, ಗಮನಿಸಿದ್ದೀರಾ? ಬಾಯಿಗೆ ಅಡ್ಡ ಹಿಡಿಯಲು ಮೂರನೆಯ ಕೈಯಿಲ್ಲ. ತಟ್ಟೆಯ ತುಂಬ ಅರಿಶಿನ, ಸುಣ್ಣ ಕಲಸಿದ ಕೆಂಪು ನೀರು. ಅದರಲ್ಲಿ ನನ್ನ ಮೇಲಿನ ಸೆಟ್ ದೋಣಿಯಂತೆ ತೇಲುವುದನ್ನು ನಾನು ಹಗಲಲ್ಲೇ ಕಾಣತೊಡಗಿದೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಅದು ದೀಪದ್ದು.

ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಕಲಿಸುತ್ತಿದ್ದ ಸಿಸ್ಟರ್ ನಮ್ಮ ತುಟಿಯ ಮುಂದೆ ಮೇಣದಬತ್ತಿ ಹಚ್ಚಿ ಹಿಡಿಯುತ್ತಿದ್ದರು. 'ಪ್ಲೀಸ್' ಅಂದಾಗ ಜ್ವಾಲೆ ಬಾಗಬೇಕು, ಆರಬಾರದು. ಬಾಗದಿದ್ದರೆ ಉಚ್ಚಾರ ಸಾಲದು. ಆರಿದರೆ ಬ್ಯಾಡ್ ಮ್ಯಾನರ್ಸ್. ಆ ಪರೀಕ್ಷೆಯಲ್ಲಿ ನಾನೇ ಫಸ್ಟ್. ಆ ಜಂಬ ಈ ವಯಸ್ಸಿನವರೆಗೂ ಉಳಿದಿತ್ತು. ಈಗ ದೇವರ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿಟ್ಟುಕೊಂಡು 'ಶೋಭಾನೆ' ಅಂದು ನೋಡಿದೆ. ಹಲ್ಲಿನ ಸಂದಿಯಿಂದ ಕುಕ್ಕರಿನ ಹಾಗೆ ಗಾಳಿ ಹೊರಟು ಬತ್ತಿ ಆರಿಯೇ ಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ನಮ್ಮವರು ಇಣುಕಿ, "ಕರೆಂಟ್ ಇದ್ಯಲ್ಲೇ?" ಅಂದರು.

ಅವರಿಗೆ ಹೇಗೆ ಹೇಳಲಿ? ನಮ್ಮ ಹಾಡಿನ ಪ್ರತಿ ನುಡಿಯೂ ಶೋಭಾನೆಯಲ್ಲೇ ಮುಗಿಯುತ್ತದೆ. ಮದುವಣಗಿತ್ತಿಯ ಎದುರು ಆರತಿ ದೀಪ ಆರಿದರೆ ಅಪಶಕುನ. ಮುಂದೆ ಆ ಹುಡುಗಿಗೆ ಒಂದು ಜ್ವರ ಬಂದರೂ ಜನ ನನ್ನ ಬಾಯನ್ನೇ ನೆನೆಯುತ್ತಾರೆ. ಅವರು ನೆನೆಯದಿದ್ದರೆ ನಾನೇ ನೆನೆಯುತ್ತೇನೆ. ಇಂಗ್ಲಿಷ್ ಓದಿದರೇನು, ಶಕುನದ ಹೆದರಿಕೆ ಹಾಲುಹಲ್ಲಿಗಿಂತ ಮೊದಲೇ ಹುಟ್ಟಿದ್ದು. ಬಿದ್ದು ಹೋಗುವ ಜಾತಿಯದಲ್ಲ.

ಮದುವೆಯ ದಿನ ಆರತಿ ತಟ್ಟೆಯ ಒಂದು ಬದಿ ವಿಶಾಲಕ್ಕ, ಇನ್ನೊಂದು ಬದಿ ನಾನು ಹಿಡಿದೆವು. ಕೆಂಪು ನೀರಿನ ನಡುವೆ ಎರಡು ಪುಟ್ಟ ಹಿತ್ತಾಳೆ ದೀಪ. ವಿಡಿಯೋದವನು ಹಗಲಿನಂಥ ಲೈಟನ್ನು ನೇರ ನನ್ನ ಬಾಯಿಗೇ ಬಿಟ್ಟು, "ಅಮ್ಮಾ, ಒಂಚೂರು ನಗಿ!" ಅಂದ. ಅಯ್ಯೋ, ಇನ್ನು ಸೀಡಿಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ!

ಮೊದಲ ನುಡಿ ದಾಟಿತು. ಎರಡನೆಯದರ ಶೋಭಾನೆಗೆ ಮೇಲಿನ ಸೆಟ್ ಕೆಳಗಿನದರ ಮೇಲೆ 'ಟಕ್' ಎಂದು ಕುಳಿತಿತು. ಗಾಬರಿಯಲ್ಲಿ ಬಾಯಿ ಮುಚ್ಚುವಷ್ಟರಲ್ಲಿ ಗಾಳಿ ಹೊರಟಾಗಿತ್ತು. ನನ್ನ ಕಡೆಯ ದೀಪ ಆರಿತು. ಸಣ್ಣ ಹೊಗೆ ಎದ್ದಿತು. ಶ್ರುತಿಯ ಕಣ್ಣು ಆ ಹೊಗೆಯ ಮೇಲೇ ನಿಂತಿತು. ನನ್ನ ಜೀವ ಬಾಯಿಗೆ ಬಂದಿತ್ತು; ಅಲ್ಲಿ ಮೊದಲೇ ಜಾಗವಿರಲಿಲ್ಲ.

ಆಗ ವಿಶಾಲಕ್ಕ ದನಿ ಏರಿಸಿದಳು. ನನ್ನ ಪಾಲಿನ ಸಾಲನ್ನೂ ತಾನೇ ಎತ್ತಿಕೊಂಡಳು. ಹಾಡುತ್ತಲೇ ತಟ್ಟೆಯಿಂದ ಒಂದು ಕೈ ಬಿಟ್ಟು, ಉರಿಯುವ ದೀಪವನ್ನೆತ್ತಿ ಆರಿದ್ದನ್ನು ಹಚ್ಚಿದಳು, ಅದೂ ಶಾಸ್ತ್ರದ ಒಂದು ಭಾಗವೆಂಬಂತೆ. ಅಷ್ಟು ಹೊತ್ತು ತಟ್ಟೆಯ ಭಾರವೆಲ್ಲ ನನ್ನ ಕೈಮೇಲೆ. ನೀರು ತುಳುಕಲಿಲ್ಲ. ಯಾರೋ ಹಿಂದಿನಿಂದ, "ನೋಡಿ ಕಲ್ತ್ಕೊಳ್ರೇ, ಈಗಿನವರಿಗೆ ಇದೆಲ್ಲ ಎಲ್ಲಿ ಗೊತ್ತು" ಅಂದರು. ಶ್ರುತಿ ನಕ್ಕಳು.

ಆಮೇಲೆ ವಿಶಾಲಕ್ಕ ನನ್ನನ್ನು ಒಳಕೋಣೆಗೆ ಎಳೆದೊಯ್ದು ಬಾಗಿಲು ಹಾಕಿದಳು. ಬೈಗುಳಕ್ಕೆ ನಾನು ತಯಾರಾಗಿ ನಿಂತೆ. ಅವಳು ಬಾಯಿಗೆ ಕೈ ಹಾಕಿ ತನ್ನ ಮೇಲಿನ ಸೆಟ್ ತೆಗೆದು, ಲೋಟದ ನೀರಲ್ಲಿ ತೊಳೆದು, ಮತ್ತೆ ಕೂರಿಸಿಕೊಂಡಳು.

"ಎಂತಕ್ಕೆ ಹಾಂಗೆ ಕಣ್ ಬಿಡ್ತೀಯೆ? ಎಷ್ಟೋ ವರ್ಷ ಆಯ್ತು. ಏನು ನಿಧಾನ, ಏನು ಭಾವ ಅಂತ ನನ್ನ ಹಾಡು ಹೊಗಳ್ತಿದ್ದೆಯಲ್ಲ? ಅದು ಭಾವ ಅಲ್ಲ ಮಾರಾಯ್ತಿ, ಹೆದರಿಕೆ."

"ಈಗ ಹೋಯ್ತಾ ಅಕ್ಕಾ, ಹೆದರಿಕೆ?"

"ಎಲ್ಲಿಗೆ ಹೋಗುತ್ತೆ? ಅದನ್ನೂ ತಾಳಕ್ಕೆ ಕೂರಿಸ್ಕೊಂಡೆ."

ನನ್ನದು ಇನ್ನೂ ತಾಳಕ್ಕೆ ಕೂತಿಲ್ಲ. ಸೀನು ಬಂದರೆ ಇವತ್ತಿಗೂ ಸೆರಗು ಹುಡುಕುತ್ತೇನೆ. ಆದರೆ ಒಂದು ಮಾತು ಮನಸ್ಸಿನಲ್ಲಿ ಉಳಿದಿದೆ. ಆರತಿ ತಟ್ಟೆಯನ್ನು ಇಬ್ಬರು ಹಿಡಿಯಬೇಕು ಎಂದು ಯಾರು ಮಾಡಿದರೋ ತಿಳಿಯದು. ಒಬ್ಬರು ಎತ್ತಲಾರದಷ್ಟು ಭಾರವೇನಲ್ಲ ಅದು. ಆ ಪುಣ್ಯಾತ್ಗಿತ್ತಿಗೂ ಹಲ್ಲು ಸಡಿಲವಿತ್ತೆಂದು ಕಾಣುತ್ತದೆ.