ಜೇನು ಮಾವನ ಇಂಗ್ಲಿಷ್ ಪೇಪರು

ಹಿಮ್ಮಡಿ ಒಡೆದಿದೆಯೆಂದು ಮೊನ್ನೆ ಶಿರಸಿಯಲ್ಲಿ ಜೇನುಮೇಣದ ಡಬ್ಬಿ ಕೊಂಡೆ. ಮುಚ್ಚಳ ತೆಗೆದರೆ ಬಂದದ್ದು ಜೇನು ಮಾವನ ಅಂಗಿಯ ವಾಸನೆ... ಮೇಣ, ಹೊಗೆ, ಸ್ವಲ್ಪ ಬೆವರು. ಬೆವರು ಡಬ್ಬಿಯಲ್ಲಿರಲಿಲ್ಲ, ನಾನೇ ಸೇರಿಸಿಕೊಂಡಿರಬೇಕು.

ಅವರು ನಮ್ಮ ಸಂಬಂಧಿಕರಲ್ಲ. ಸಿದ್ದಾಪುರದಲ್ಲಿ ನಮ್ಮ ಬಾಡಿಗೆಮನೆಯ ಪಕ್ಕದವರು. ಜೇನು ಸಾಕಣೆ ಕಲಿಸುವ ಕಚೇರಿಯೊಂದರಲ್ಲಿ ದಿನಗೂಲಿಯ ಮೇಲಿದ್ದು, ಊರೂರಿಗೆ ಹೋಗಿ ಪೆಟ್ಟಿಗೆ ಇಡಿಸಿ ಹುಳ ಕೂರಿಸಿ ಬರುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದರೆ ಕೆಲಸ ಕಾಯಂ ಎಂದು ಮೇಲಿನವರು ಹೇಳಿದ್ದರು. ಉಳಿದ ವಿಷಯಗಳೆಲ್ಲ ಎಂದೋ ಮುಗಿದಿದ್ದವು. ಇಂಗ್ಲಿಷ್ ಒಂದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ವಯಸ್ಸಿನ ಮಿತಿ ದಾಟುವ ಮೊದಲು ಅವರಿಗೆ ಉಳಿದದ್ದು ಒಂದೇ ಪರೀಕ್ಷೆ.

ತೊಂಬತ್ತರ ದಶಕದ ನಡುವಿನ ಮಾತು. ನಾನೂ ಅದೇ ವರ್ಷ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಇಬ್ಬರೂ ಸಪ್ಲಿಮೆಂಟರಿಗೆ ಫೀಸು ಕಟ್ಟಿದೆವು. ಪದ್ಯ, ಪ್ರಬಂಧಗಳನ್ನು ಗೈಡು ನೋಡಿ ಉರುಹೊಡೆಯಬಹುದಿತ್ತು. ಓದಿ ಉತ್ತರಿಸಲೆಂದು ಎಲ್ಲಿಂದಲೋ ತೆಗೆದು ಕೊಡುವ ಪ್ಯಾಸೇಜಿಗೆ ಮಾತ್ರ ಗೈಡು ಕೈಕೊಡುತ್ತಿತ್ತು. ಅದಕ್ಕೆ ಮಾವ ತಮ್ಮದೇ ದಾರಿ ಹುಡುಕಿದರು. ಕೆಮ್ಮಿನ ಔಷಧಿಯ ಚೀಟಿ, ಕುಕ್ಕರಿನ ಜೊತೆ ಬಂದ ಪುಸ್ತಕ, ಕಚೇರಿಯ ಕರಪತ್ರ, ಇಂಗ್ಲಿಷಿನಲ್ಲಿ ಏನು ಸಿಕ್ಕಿದರೂ ತಂದು ಜಗಲಿಯ ಮೇಲೆ ಹರಡುತ್ತಿದ್ದರು. ನಾನು ಪ್ರಶ್ನೆ ಮಾಡಬೇಕು, ಅವರು ಉತ್ತರ ಹುಡುಕಬೇಕು. ಆಮೇಲೆ ಅದಲುಬದಲು. ಅರ್ಥವಾಗದ ಶಬ್ದಕ್ಕೆ ತಲೆ ಕೆಡಿಸಿಕೊಳ್ಳುವಂತಿಲ್ಲ.

ನಾನು ಒಮ್ಮೆ ಕುಕ್ಕರಿನ ಬಗ್ಗೆ ಅಮ್ಮ ಹೇಳಿದ್ದನ್ನೂ ಸೇರಿಸಿ ಉತ್ತರ ಹೇಳಿದೆ.

“ಕೂಸೇ, ನಿಂಗೆ ಗೊತ್ತಿದ್ದದ್ದು ಬರೆಯಡ,” ಎಂದರು. “ಪುಸ್ತಕದವ ಎಂತ ಬರದ್ದ, ಅಷ್ಟೇ ಬರಿ.”

ಎರಡೇ ತಿಂಗಳಲ್ಲಿ ಅವರು ನನಗಿಂತ ಚೆನ್ನಾಗಿ ಓದುತ್ತಿದ್ದರು. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಪರೀಕ್ಷೆ ಶಿರಸಿಯಲ್ಲಿ. ಪೇಪರು ತೆರೆದರೆ ಪ್ಯಾಸೇಜು ಜೇನುಹುಳದ ಮೇಲೇ ಇತ್ತು. ನನಗೆ ನಗು ಬಂತು. ಮಾವನ ಅದೃಷ್ಟ ಖುಲಾಯಿಸಿತು ಎಂದುಕೊಂಡೆ.

ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅವರು ಭಾರೀ ಗೆಲುವಾಗಿದ್ದರು. ಹುಳಗಳು ಯಾವ ಕಾಲದಲ್ಲಿ ಗೂಡಿನೊಳಗೇ ಉಳಿಯುತ್ತವೆ ಎಂಬ ಪ್ರಶ್ನೆಗೆ ಏನು ಬರೆದೆ ಎಂದು ಕೇಳಿದರು. ಚಳಿಗಾಲ ಎಂದೆ. ಪ್ಯಾಸೇಜಿನಲ್ಲಿ ಹಾಗೇ ಇತ್ತು. ಯಾವುದೋ ಹಿಮ ಬೀಳುವ ದೇಶದ ವಿಷಯ.

“ಚಳಿಗಾಲದಲ್ಲಿ ಯಂಗ್ಳ ಹುಳ ಹೊರಗೆ ಹೋಗ್ತಿಲ್ಯ?” ಎಂದರು. “ಮಳೆಗಾಲದಲ್ಲೇ ಒಳಗೆ ಕೂರ್ತ. ಸಕ್ಕರೆ ಪಾಕ ಕೊಡದೇ ಇದ್ರೆ ಸಾಯ್ತ. ಆನು ಅದನ್ನೇ ಬರದಿ.”

ಉಳಿದವಕ್ಕೆ? ಎಲ್ಲಕ್ಕೂ ಹಾಗೇ ಬರೆದಿದ್ದರು. ಜೇನು ತೆಗೆಯುವ ತಿಂಗಳು, ಪೆಟ್ಟಿಗೆಯ ಅಳತೆ, ಹೂವಿನ ಹೆಸರು... ಪ್ಯಾಸೇಜಿನಲ್ಲಿದ್ದದ್ದೆಲ್ಲ ತಪ್ಪು ಎಂದು ಕಂಡಿತ್ತು, ತಿದ್ದಿದ್ದರು. ಅವರ ಫಲಿತಾಂಶ ನನಗೆ ಆಗಲೇ ಗೊತ್ತಾಗಿತ್ತು.

ನಾನು ಪಾಸಾದೆ. ಅವರಿಗೆ ಮೂರು ಅಂಕ ಕಡಿಮೆ ಬಂತು. ಮುಖ ತೋರಿಸಲಾಗದೆ ನಾನು ಒಳಗೇ ಕೂತಿದ್ದೆ. ಮಾವನೇ ಬಂದು ಬೆನ್ನು ತಟ್ಟಿ, ಕಾಲೇಜಿಗೆ ಸೇರೆಂದು ಅಪ್ಪನೆದುರೇ ಹೇಳಿದರು. ಹೋಗುವಾಗ ಮೆಲ್ಲಗೆ ಒಂದು ಮಾತು ಕೇಳಿದರು.

“ಪೇಪರು ನೋಡಿದವಂಗೆ ಹುಳದ ವಿಷಯ ಗೊತ್ತಿಲ್ಲೆ ಕಾಣ್ತು, ಅಲ್ದ?”

ಕೆಲಸ ಕಾಯಂ ಆಗಲಿಲ್ಲ. ಮಾವ ಪೆಟ್ಟಿಗೆ ಇಡಿಸಿದ್ದ ಮನೆಯವರಲ್ಲೇ ಒಬ್ಬರ ಮಗ, ಮಾವನಿಂದಲೇ ಕಲಿತವನು, ಆ ಜಾಗಕ್ಕೆ ಬಂದ. ಮಾವ ಯಲ್ಲಾಪುರದ ಕಡೆ ಮಗಳ ಮನೆಗೆ ಹೋದರು. ತೀರಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಬಸ್ಸಿನಲ್ಲಿ, ಬೇರೆ ಯಾರದೋ ಮಾತಿನ ನಡುವೆ.

ಇಷ್ಟು ವರ್ಷವಾದರೂ ನನಗೆ ಅವರ ಮೇಲೆ ಸಿಟ್ಟಿದೆ. ಒಂದು ಗಂಟೆಯ ಮಟ್ಟಿಗೆ ಸುಮ್ಮನೆ ಒಪ್ಪಿಕೊಂಡು ಬರೆದಿದ್ದರೆ ಆಗುತ್ತಿತ್ತು. ನಾನು ಹಾಗೇ ಬರೆದು ಪಾಸಾದವಳು. ಹಾಗೇ ಬರೆಯುತ್ತ ಇಲ್ಲಿಯವರೆಗೆ ಬಂದವಳು. ಅವರಿದ್ದಿದ್ದರೆ ಜಗಳ ಮಾಡುತ್ತಿದ್ದೆ.