ಸಂಗಪ್ಪಕಾಕಾ ಮತ್ತು ಎರಡು ಲೆನ್ಸು

ಮದುವೆಗೆ ಬಂದ ಫೋಟೊದವರೆಲ್ಲ ಸೀದಾ ವೇದಿಕೆ ಹತ್ತಿದರೆ, ನಮ್ಮ ಓಣಿಯ ಸಂಗಪ್ಪಕಾಕಾ ಮೊದಲು ಅಡಿಗೆಯವರ ಕಡೆ ಹೋಗುತ್ತಿದ್ದರು. ಊಟಕ್ಕಲ್ಲ. ಅಲ್ಲಿಂದ ತಿರುಗಿ ವೇದಿಕೆ ಎಷ್ಟು ದೂರವೆಂದು ನೋಡಿ, ಕೊನೆಯ ಸಾಲಿನ ಒಂದು ಕಂಬ ಆರಿಸಿ, ಅದಕ್ಕೆ ಎಡಭುಜ ಒತ್ತಿ ನಿಂತುಬಿಡುತ್ತಿದ್ದರು. ಬೆನ್ನ ಹಿಂದೆ ಬುಂದಿ ಕರಿಯುವ ವಾಸನೆ. ಪರವೂರಿನ ಬೀಗರು ಫೋಟೊದವರು ಎಲ್ಲಿ ಎಂದು ಗಾಬರಿಯಾಗಿ ಹುಡುಕಿದರೆ, ಇಳಕಲ್ಲಿನ ಹಳಬರು ಆ ಕಂಬವನ್ನು ತೋರಿಸುತ್ತಿದ್ದರು.

“ನಾ ಮುಂದ ನಿಂತರ ಹಡದಾಕಿಗೆ ನನ್ನ ಬೆನ್ನಷ್ಟ ಕಾಣ್ತೈತಿ,” ಎನ್ನುತ್ತಿದ್ದರು. “ಮದುವಿ ಅವರದು. ನಾ ಹಿಂದ ನಿಂತು ತಗೀತೇನಿ.”

ಹಿಂದೆ ನಿಂತು ತೆಗೆಯಲು ಅವರ ಬಳಿ ಉದ್ದನೆಯದೊಂದು ಜೂಮ್ ಲೆನ್ಸು ಇತ್ತು. ದೂರದ ಮುಖವನ್ನು ಹತ್ತಿರಕ್ಕೆ ತರುವಂಥದು, ಮಂಟಪದ ಮಬ್ಬು ಬೆಳಕಿಗೂ ಸಾಲುವಂಥದು. ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ತಂದಿದ್ದರಂತೆ. ಕೈಯಾಡಿದ ಕಡೆಯೆಲ್ಲ ಕಪ್ಪು ಬಣ್ಣ ಹೋಗಿ ಲೋಹ ಕಾಣುತ್ತಿತ್ತು. ತುಂಬಿದ ತಂಬಿಗೆಯಷ್ಟು ಭಾರ. ಅವರ ಹೆಂಡತಿ, ನಮ್ಮ ಕಾಕೂ, ಹಳೆಯ ಸೀರೆಯನ್ನು ಮಡಚಿ ಹೊಲಿದ ಚೀಲವೇ ಅದರ ಮನೆ.

ನನ್ನ ಮದುವೆಯ ಒಂದು ಫೋಟೊ ಆ ಲೆನ್ಸಿನದು. ಎಲ್ಲರೂ ಅಕ್ಕಿಕಾಳು ಎರಚುತ್ತಿದ್ದಾರೆ. ಎರಡನೇ ಸಾಲಿನಲ್ಲಿ ನಮ್ಮವ್ವ ಮಾತ್ರ ಮುಷ್ಟಿ ಬಿಗಿಹಿಡಿದು ನಿಂತಿದ್ದಾಳೆ, ಎರಚುವುದನ್ನೇ ಮರೆತು. ವೇದಿಕೆಯ ಮೇಲಿದ್ದ ನನಗೆ ಆಗ ಅದು ಕಂಡಿರಲಿಲ್ಲ. ಅವ್ವ ಹೋದ ಮೇಲೆ ಆ ಫೋಟೊ ದೊಡ್ಡದು ಮಾಡಿಸಿ ದೇವರ ಮನೆಯ ಬಾಗಿಲ ಪಕ್ಕ ಹಾಕಿದ್ದೇನೆ. ಹಾಗಾಗಿ ನನ್ನ ಮಗಳ ಮದುವೆ ನಿಶ್ಚಯವಾದಾಗ ಬೀಗರು ಬೇರೆ ಫೋಟೊದವರ ಹೆಸರು ಹೇಳಿದರೂ ನಾನು ಸಂಗಪ್ಪಕಾಕಾನೇ ಬೇಕೆಂದು ಹಟ ಹಿಡಿದೆ.

ಆದರೆ ಕಾಕಾ ಒಪ್ಪಿಕೊಳ್ಳಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ. ಕಾರಣ ನನಗೆ ತಿಳಿದಿತ್ತು. ನಮ್ಮ ಮನೆಗೆ ಬಂದಾಗ ಅವರು ಕಪ್ಪುಬಸಿ ಬಿಟ್ಟು ಸ್ಟೀಲ್ ಲೋಟದಲ್ಲಿ ಚಹಾ ಕೇಳತೊಡಗಿದ್ದರು. ಅವರು ಹಿಡಿದರೆ ಬಸಿಯ ಮೇಲೆ ಕಪ್ಪು ಗಡಗಡ ಸದ್ದು ಮಾಡುತ್ತಿತ್ತಲ್ಲ, ಅದಕ್ಕೆ.

ಒಂದು ರವಿವಾರ ಕಾಕಾ ನಮ್ಮ ಮನೆಯಲ್ಲಿದ್ದಾಗ ಬಾಗಲಕೋಟೆಯಿಂದ ಈರಣ್ಣ ಬಂದ. ಕಾಕಾನ ಕೈಯಲ್ಲಿ ಕಲಿತು ಈಗ ಅಲ್ಲಿ ಸ್ಟುಡಿಯೊ ಇಟ್ಟವನು. ಅಷ್ಟೇ ದೂರ ನೋಡುವ, ಅಷ್ಟೇ ಬೆಳಕು ಕುಡಿಯುವ ಹೊಸ ಲೆನ್ಸೊಂದನ್ನು, ಹಿಡಿಸಿದರೆ ಕಾಕಾ ಇಟ್ಟುಕೊಳ್ಳಲೆಂದು ತಂದಿದ್ದ. ಹಳೆಯದಕ್ಕಿಂತ ಹಗುರ, ಹಿಡಿದವರ ಕೈ ಅಲುಗಿದರೂ ಒಳಗೇ ಸಂಭಾಳಿಸುತ್ತದಂತೆ.

ಕಾಕಾನ ಪರೀಕ್ಷೆ ಒಂದೇ. ನನ್ನ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆ ತೆಗೆಸಿ, ಅದರ ಕೆಂಪು ಸೆರಗು, ನಾವು ತೆನಿ ಅನ್ನುತ್ತೇವಲ್ಲ, ಅದನ್ನು ಓಣಿಯ ಆ ತುದಿಯಲ್ಲಿ ಕಟ್ಟಿಸಿದರು. ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ ಎರಡರಿಂದಲೂ ತೆಗೆದರು. ಬಿಳಿ ಎಳೆಗಳು ಎರಡರಲ್ಲೂ ಬಿಡಿಬಿಡಿಯಾಗಿ ಬಂದವು.

“ನೋಡಲೇ, ಹಳೇದರಾಗ ಕೆಂಪು ಕುಂಕುಮದಂಗ ಐತಿ,” ಎಂದರು ಕಾಕಾ. “ಇದರಾಗ ಬಾಗಿಲಕ್ಕ ಬಣ್ಣಾ ಹಚ್ಚಿದಂಗ.”

ಈರಣ್ಣ ನಕ್ಕ. ಆಮೇಲೆ ಮೆಲ್ಲಗೆ, “ಕಾಕಾ, ಮದುವ್ಯಾಗ ಸ್ಟ್ಯಾಂಡ್ ಎಲ್ಲಿ ಇಡ್ತೀರಿ? ಕೈಯಾಗ ಹಿಡದು ತಗೀರಿ,” ಎಂದ.

ಕಾಕಾ ಚಹಾ ಕೇಳಿದರು. ಚಹಾ ಮುಗಿದ ಮೇಲೆ ನೀರು ಕೇಳಿದರು. ಕೊನೆಗೆ ಎದ್ದು, ನಮ್ಮ ಕಟ್ಟೆಯ ಕಂಬಕ್ಕೆ ಭುಜ ಒತ್ತಿ, ಎರಡರಿಂದಲೂ ತೆಗೆದರು. ಹಳೆಯದರಲ್ಲಿ ತೆನಿಯ ಗೆರೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಹೊಸದರಲ್ಲಿ ನೇಯ್ದಂತೆಯೇ ಇದ್ದವು. ಈರಣ್ಣ ಬೇಕೆಂದೇ ಓಣಿಯ ಕಡೆ ನೋಡುತ್ತ ನಿಂತ. ನಾನು ಸೀರೆ ಬಿಚ್ಚಿ ತರುವ ನೆಪದಲ್ಲಿ ಆ ತುದಿಗೆ ಹೋದೆ.

ಮಡಚಿಕೊಂಡು ಬರುವಷ್ಟರಲ್ಲಿ ಕಾಕಾ ಹಳೆಯ ಲೆನ್ಸನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಹೊಸದು ಕಾಕೂ ಹೊಲಿದ ಚೀಲದೊಳಗಿತ್ತು. ಅದು ತೆಳ್ಳಗಿದ್ದುದರಿಂದ ಸುತ್ತ ಒಂದು ಟವೆಲ್ಲು ತುರುಕುತ್ತಿದ್ದರು.

“ಮದುವಿ ನಿನ್ನ ಮಗಳದು,” ಎಂದರು, ನನ್ನ ಮುಖ ನೋಡದೆ. “ನನ್ನ ಹಟದ್ದಲ್ಲ. ಬರ್ತೇನಿ.”

ಬಂದರು. ಅದೇ ಅಡಿಗೆಯವರ ಕಡೆ, ಅದೇ ಕೊನೆಯ ಕಂಬ. ಅಕ್ಕಿಕಾಳು ಬೀಳುವ ಹೊತ್ತಿಗೆ ವಾಲಗದ ಗದ್ದಲ, ಸಾಲಿನವರೆಲ್ಲ ಮುಂದಕ್ಕೆ ಬಾಗಿದ್ದರು.

ಫೋಟೊ ತಯಾರಾದ ಮೇಲೆ ಕಾಕಾ ತಾವೇ ಆಲ್ಬಮ್ ಹಿಡಿದು ಮನೆಗೆ ಬಂದು, ಒಂದು ಪುಟ ತೆಗೆದು ಬೆರಳಿಟ್ಟರು.

“ಇಷ್ಟೂ ಮಂದಿ ಹುಡುಗ-ಹುಡುಗೀನ ನೋಡಾಕತ್ತಾರ. ನೀ ಒಬ್ಬಾಕಿ ತಿರುಗಿ ನನ್ನ ಯಾಕ ನೋಡಿದಿ? ಛಲೋ ಫೋಟೊ ಕೆಡಿಸಿದೆಲ್ಲವ್ವಾ.”

“ಕೈ ನಡಗಾಕತ್ತಾವೇನೋ ಅಂತ ನೋಡಿದೆ, ಕಾಕಾ.”

ಅವರು ಚಹಾದ ಸ್ಟೀಲ್ ಲೋಟ ತುಟಿಗೆ ಹಚ್ಚಿ ಒಂದು ಗುಟುಕು ಕುಡಿದರು.

“ನಡಗತಿದ್ವು,” ಎಂದರು. “ಇದರಾಗ ಕಾಣವಲ್ದು, ನೋಡು.”

ಮರುವರ್ಷ ಕಾಕಾ ತೀರಿಕೊಂಡರು. ಹಳೆಯ ಲೆನ್ಸನ್ನು ಈರಣ್ಣ ಸ್ಟುಡಿಯೊದ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾನೆ, ಹೊಸದನ್ನು ಕಾಕೂ ಇನ್ನೂ ಯಾರಿಗೂ ಕೊಟ್ಟಿಲ್ಲ. ಅವ್ವನ ಫೋಟೊದ ಕೆಳಗೆ ಈಗ ಈ ಫೋಟೊ ಹಾಕಿದ್ದೇನೆ. ಮನೆಗೆ ಬಂದವರು, ಎಲ್ಲರೂ ವೇದಿಕೆ ನೋಡುವಾಗ ನೀವೊಬ್ಬರೇ ಹಿಂದೆ ಯಾರನ್ನು ನೋಡುತ್ತಿದ್ದೀರಿ ಎಂದು ಕೇಳುತ್ತಾರೆ. ಕಂಬದ ಹತ್ತಿರ ಒಬ್ಬರು ನಿಂತಿದ್ದರು ಎನ್ನುತ್ತೇನೆ.