ಕೋಸು ಹಿಡಿದ ಕೈ

ನಮ್ಮ ಪಕ್ಕದ ಮನೆ ಅಕ್ಕನ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಊಟಕ್ಕೆ ತಟ್ಟೆ ಹಿಡಿದರೂ, ತಲೆ ಬಾಚಿದರೂ ಅದೊಂದು ಬೆರಳು ಮುನಿಸಿಕೊಂಡ ಅಳಿಯನ ಹಾಗೆ ಆಚೆಗೇ ತಿರುಗಿರುತ್ತಿತ್ತು. ಕೇಳಿದವರಿಗೆಲ್ಲ ಅದನ್ನು ಎತ್ತಿ ತೋರಿಸಿ, "ಇದು ನಂಗ್ ಸಿಕ್ಕಿದ್ ಪ್ರೈಜು ಕಣಮ್ಮಿ" ಎನ್ನುತ್ತಿದ್ದಳು.

ಎರಡು ಸಾವಿರದ ಇಸವಿ ದಾಟಿದ ಹೊಸತು. ತಾಳವಾಡಿಯ ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಕಟ್ಟಿದಾಗ ಅವಳು ಗೋಲ್‌ಕೀಪರ್, ನಾನು ಅವಳ ಮುಂದೆ ನಿಲ್ಲುವ ಡಿಫೆಂಡರ್. ಅವಳು ಗೋಲ್‌ಕೀಪರ್ ಆದದ್ದು ಕೋಸಿನಿಂದ. ಅವರಪ್ಪನ ಹೊಲದಲ್ಲಿ ಲಾರಿಗೆ ಲೋಡು ಮಾಡುವಾಗ ಸಾಲಾಗಿ ನಿಂತು ಕೋಸನ್ನು ಕೈಯಿಂದ ಕೈಗೆ ಎಸೆಯುತ್ತಾರೆ. ಲಾರಿಗೆ ಬೆನ್ನು ಕೊಟ್ಟು ನಿಲ್ಲುವ ಜಾಗ ಅಕ್ಕನದು. ಮುಂದಿನಿಂದ ಬಂದದ್ದನ್ನು ಹಿಡಿಯಬೇಕು, ತಿರುಗಿ ನೋಡದೆ ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ಒಂದು ಕೋಸೂ ನೆಲ ಕಾಣುತ್ತಿರಲಿಲ್ಲ.

ಸತ್ಯಮಂಗಲದಲ್ಲಿ ಮೊದಲ ಮ್ಯಾಚು. ಚೆಂಡು ಎದೆಮಟ್ಟಕ್ಕೆ ಬಂತು. ಎಷ್ಟು ಚೆನ್ನಾಗಿ ಹಿಡಿದಳು ಅಂತೀರಿ! ಹಿಡಿದವಳೇ, ಅಯ್ಯೋ ಶಿವನೇ, ತಲೆಯ ಮೇಲಿಂದ ಹಿಂದಕ್ಕೆ ಎಸೆದುಬಿಟ್ಟಳು. ನಮ್ಮದೇ ಗೋಲಿಗೆ! ಎದುರು ತಂಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋತೆವು. "ಇನ್ನೊಂದು ಮ್ಯಾಚು ನೋಡ್ತೀನಿ. ಮತ್ತೆ ಹೀಗೇ ಮಾಡಿದರೆ ನಿನ್ನ ಜಾಗಕ್ಕೆ ಬೇರೆಯವಳು" ಎಂದರು ಟೀಚರ್.

ಘಾಟಿಯ ತಿರುವುಗಳುದ್ದಕ್ಕೂ ಬಸ್ಸಿನಲ್ಲಿ ಅಕ್ಕ ಅತ್ತಳು. ಆ ಜಾಗ ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಇರಲಿಲ್ಲ. ಮನೆಯಲ್ಲಿ ಅವರಪ್ಪ ಎಲ್ಲ ಕೇಳಿಸಿಕೊಂಡು, "ಅಳ್ಬ್ಯಾಡ ಕಣವ್ವ. ಆ ಗೋಲ್ ಒಡ್ದೋನು ನಾನೇಯ. ನಿಂಗೆ ಅಂಗೆ ಎಸಿಯೋದ್ನ ಕಲ್ಸಿದ್ದು ಯಾರು?" ಎಂದರು. ಅವತ್ತಿನಿಂದ ಅವಳನ್ನು ಲೋಡಿನ ಸಾಲಿನಿಂದ ಬಿಡಿಸಿ ಆ ಜಾಗಕ್ಕೆ ತಾವೇ ನಿಂತರು. ಹಿತ್ತಲಲ್ಲಿ ನಾನು ಕೋಸು ಎಸೆಯುವುದು, ಅವಳು ಹಿಡಿದು ಹೊಟ್ಟೆಗೆ ಅಪ್ಪಿಕೊಳ್ಳುವುದು. "ಎಸೀಬ್ಯಾಡ, ತಬ್ಕೊ" ಎಂದು ಅರಚಿ ಅರಚಿ ನನ್ನ ಗಂಟಲು ಕಟ್ಟಿತು.

ಮುಂದಿನ ಮ್ಯಾಚಿನ ಕೊನೆಯಲ್ಲಿ ಎತ್ತರದ ಚೆಂಡು ಬಂತು. ಹಿಡಿದಳು. ಅವಳ ಭುಜ ಹಿಂದಕ್ಕೆ ಹೊರಳಿತು. "ತಬ್ಕೊ ಅಕ್ಕಾ!" ಎಂದು ಕಿರುಚಿದೆ. ಚೆಂಡನ್ನು ತಬ್ಬಿಕೊಂಡೇ ನೆಲಕ್ಕೆ ಬಿದ್ದಳು. ಯಾರದೋ ಬೂಟು ಆ ಬೆರಳನ್ನು ತುಳಿಯಿತು. ಬಿಡಲಿಲ್ಲ, ಮಾರಾಯಿತಿ. ಗೆದ್ದೆವು.

ಆಮೇಲೆ ಜಿಲ್ಲೆಯ ತಂಡಕ್ಕೆ ಆಡಿದಳು, ಈರೋಡಿನಲ್ಲಿ ಕಾಲೇಜಿಗೂ ಆಡಿದಳು. ಮಂಡಿ ಕೈಕೊಟ್ಟ ಮೇಲೆ ಆಟ ನಿಂತಿತು. ಮದುವೆಯಾಗಿ ತಿಗನಾರೆಗೆ ಹೋದಳು. ಅಲ್ಲಿ ಗಂಡನ ಹೊಲದಲ್ಲಿ ಅವಳು ಲೋಡಿಗೆ ನಿಂತ ದಿನ ನಾನೂ ಇದ್ದೆ. ಬಂದ ಬಂದ ಕೋಸನ್ನು ತಬ್ಬಿಕೊಂಡು ನಿಂತುಬಿಡುತ್ತಾಳೆ! ಸಾಲಿಗೆ ಸಾಲೇ ನಿಂತಿತು. "ಎಸಿಯವ್ವೋ, ಲಾರಿ ಕಾಯ್ತಾ ಅದೆ" ಎಂದು ಅತ್ತೆ ಕೂಗಿದರು. ಅಕ್ಕ ನನ್ನತ್ತ ನೋಡಿ, "ಏನ್ ಮಾಡ್ಲಿ ಕಣಮ್ಮಿ, ಈ ಕೈಗೆ ಬುಡೋದೇ ಮರ್ತೋಗ್ಬುಟ್ಟದೆ" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಹೋದ ವರ್ಷ ಕಾಯಿಲೆ ಬಿದ್ದು ಚಾಮರಾಜನಗರದ ಆಸ್ಪತ್ರೆಯಲ್ಲಿದ್ದಳು. ನೋಡಲು ಹೋದೆ. ಮಧ್ಯಾಹ್ನವೆಲ್ಲ ನನ್ನ ಕೈ ಹಿಡಿದುಕೊಂಡೇ ಇದ್ದಳು, ಆ ಬೆರಳೊಂದು ಆಚೆಗೆ. ಬಿಸಿಲು ಇಳಿದಾಗ, "ಓಗು ಕಣಮ್ಮಿ, ತಾಳವಾಡಿ ಬಸ್ಸು ಒಂಟೋಯ್ತದೆ" ಎಂದು ತಾನೇ ಕೈ ಬಿಟ್ಟಳು. ಆ ವಾರವೇ ಹೋಗಿಬಿಟ್ಟಳು.

ಬಿಡುವುದೇ ಮರೆತವಳಿಗೆ ಅವತ್ತು ಅದು ಹೇಗೆ ಬಂತೋ. ನನಗಂತೂ ಇನ್ನೂ ಬಂದಿಲ್ಲ.